ಸಂದೆವ್ವನ ಡಬ್ಬಿ

ಹುಡುಕಿ ಸಿಕ್ಕಿದ್ದನ್ನು ಮನೆಗೆ ತರಬಾರದು, ಮತ್ತೆ ಅಲ್ಲೇ ಬಚ್ಚಿಟ್ಟು ಬರಬೇಕು ಎಂಬಂಥ ಆಟವನ್ನು ತಿಮ್ಮವ್ವ ತನ್ನ ಐವತ್ತೆಂಟು ವರ್ಷದಲ್ಲಿ ಕೇಳಿರಲಿಲ್ಲ. ಕೇಳಿದ ಮೇಲೆ ಮೂರು ದಿನ ಅದನ್ನೇ ಆಡಿಕೊಂಡು ನಕ್ಕಳು.

“ಸಿಕ್ಕಿದ್ದ ಮನಿಗೆ ತರೂದಿಲ್ಲಂದ್ರ ಹುಡುಕೂದ್ಯಾಕಬೇ? ಹೊಟ್ಟಿ ತುಂಬಿದವರ ಆಟ ಇದು,” ಎಂದು ಸೊಸೆ ನಾಗವೇಣಿಯನ್ನು ಕೆಣಕಿದಳು.

“ನಮ್ಮ ಹೊಟ್ಟೀನೂ ತುಂಬೈತಿ ಬಿಡ್ರಿ ಅತ್ತಿ. ಭತ್ತ ಕೊಯ್ಲು ಮುಗದೈತಿ. ಒಂದು ಐತವಾರ ಸುಮ್ಮ ಹೋಗಿ ಬಂದ್ರ ಏನಾಗ್ತದ?” ಎಂದಳು ನಾಗವೇಣಿ.

ಸುಮ್ಮನೆ ಹೋಗಿ ಬರುವುದು ಅನ್ನುವ ಮಾತೇ ತಿಮ್ಮವ್ವನಿಗೆ ಹೊಸದು. ಹೆಂಗಸು ಮನೆ ಬಿಟ್ಟು ಹೊರಟರೆ ಹೊಲಕ್ಕೆ ಹೋಗಬೇಕು, ತವರಿಗೆ ಹೋಗಬೇಕು, ಇಲ್ಲ ದವಾಖಾನೆಗೆ ಹೋಗಬೇಕು. ಇವು ಮೂರೂ ಅಲ್ಲದ ದಾರಿಯೊಂದು ಇದೆ ಅಂತ ತುರ್ವಿಹಾಳದಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ.

ಆಟ ಮನೆಗೆ ಬಂದದ್ದು ಸಿಂಧನೂರಿನಿಂದ. ನಾಗವೇಣಿ ದಿನಾ ಬಸ್ಸು ಹತ್ತಿ ಅಲ್ಲಿನ ಒಂದು ಝೆರಾಕ್ಸ್ ಅಂಗಡಿಗೆ ಕೆಲಸಕ್ಕೆ ಹೋಗುತ್ತಾಳೆ. ಸೈಕಲ್ ಮೇಲೆ ದೇಶ ಸುತ್ತುತ್ತಿದ್ದ ಪುಣೆಯ ಹುಡುಗಿಯೊಬ್ಬಳು ಆ ಅಂಗಡಿಯಲ್ಲಿ ಫೋನು ಚಾರ್ಜಿಗೆ ಹಾಕಿ ಒಂದು ತಾಸು ಕೂತಳು. ಕೂತವಳು ಜಿಯೋಕ್ಯಾಶಿಂಗ್ ಅಂತ ಒಂದು ಆಟ ಕಲಿಸಿ ಹೋದಳು. ಯಾರೋ ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಇಟ್ಟ ಜಾಗವನ್ನು ಫೋನಿನಲ್ಲಿ ಗುರುತು ಮಾಡಿ, ಡಬ್ಬಿಯ ಚಿತ್ರವನ್ನೂ ಒಳಗೆ ಏನೇನಿದೆ ಎಂಬುದನ್ನೂ ಹಾಕಿರುತ್ತಾರೆ. ಉಳಿದವರು ಫೋನಿನ ಬಾಣ ತೋರಿಸಿದ ಕಡೆ ಹೋಗಿ ಅದನ್ನು ಹುಡುಕಬೇಕು. ಸಿಕ್ಕರೆ ಡಬ್ಬಿಯೊಳಗಿನ ಪುಸ್ತಕದಲ್ಲಿ ತಮ್ಮ ಹೆಸರು ಬರೆದು, ಮುಂದೆ ಬರುವವರಿಗಾಗಿ ಇದ್ದ ಹಾಗೇ ಇಟ್ಟು ಬರಬೇಕು. ಇಡೀ ಸೀಮೆಗೆ ಅಂಥದ್ದು ಒಂದೇ ಡಬ್ಬಿ ಇತ್ತು. ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ಹೋಗುವಾಗ ಸಿಗುವ ಜೋಡಗುಂಡಿನ ಗುಡ್ಡದಲ್ಲಿ. ಇಟ್ಟು ಆರು ವರ್ಷವಾಗಿತ್ತು. ಕಡೆಯ ನಾಲ್ಕು ವರ್ಷ ಅದನ್ನು ಯಾರೂ ಹುಡುಕಿ ಹೆಸರು ಬರೆದಿರಲಿಲ್ಲ.

ಇದನ್ನು ಕೇಳಿ ಮೊಮ್ಮಕ್ಕಳಿಬ್ಬರಿಗೂ ಹುಚ್ಚು ಹಿಡಿಯಿತು. ಐದು ವರ್ಷದ ಸಿದ್ದರಾಮ ಮನೆಯ ಡಬ್ಬಿಗಳನ್ನೆಲ್ಲ ಬಚ್ಚಿಟ್ಟು ಒಂದು ದಿನ ಸಾರಿಗೆ ಖಾರವಿಲ್ಲದಂತೆ ಮಾಡಿದ. ಎಂಟು ವರ್ಷದ ಮೌನೇಶ್ವರಿಯಂತೂ ಹೆಸರಿಗಷ್ಟೇ ಮೌನ, ಬಾಯಿ ಮಾತ್ರ ಸಂತೆ ದಿನದ ಸಿಂಧನೂರು. ಅವಳು ಅಜ್ಜಿಯ ಸೆರಗು ಹಿಡಿದು ಬಿಡಲಿಲ್ಲ.

“ಆಯಿ, ನೀನೂ ಬರಬೇಕು.”

“ನಾ ಯಾಕಬೇ? ಮನಿ ಯಾರು ಕಾಯ್ತಾರ?”

“ಮನಿ ಎಲ್ಲಿಗೂ ಓಡಿ ಹೋಗೂದಿಲ್ಲ. ನೀ ಬಾ.”

ತಿಮ್ಮವ್ವ ಹೂಂ ಅನ್ನಲು ತಡಮಾಡಿದ್ದಕ್ಕೆ ಬೇರೆಯೇ ಕಾರಣವಿತ್ತು. ತುರ್ವಿಹಾಳದಿಂದ ಮುಕ್ಕುಂದದವರೆಗೆ, ನಿರಾಶ್ರಿತರ ಊರಾದ ಆರ್.ಎಚ್. ಕ್ಯಾಂಪಿನ ಗದ್ದೆಗಳಲ್ಲಿ ಕೂಡ, ಭತ್ತದ ಸಸಿ ಹಚ್ಚುವ ಹದಿನೆಂಟು ಹೆಣ್ಣಾಳುಗಳ ಗುಂಪಿಗೆ ಅವಳೇ ಮುಂದಾಳು. ಇಪ್ಪತ್ತೆರಡು ವರ್ಷ ಯಾವ ಗದ್ದೆಗೆ ಇಳಿದರೂ ಪೂಜೆ ಮಾಡಿ ಮೊದಲ ಸಸಿ ಹಚ್ಚುವುದು ತಿಮ್ಮವ್ವನ ಕೈಯೇ ಆಗಿತ್ತು. ಗಂಡ ಆದೆಪ್ಪ ತೀರಿಹೋದ ಮೇಲಿನ ಮೊದಲ ನಾಟಿಯ ದಿನ ಮುಕ್ಕುಂದದ ಹೊಲದೊಡತಿ ಬದುವಿನ ಮೇಲೆ ನಿಂತು, “ಈ ಸಲ ನಿಮ್ಮ ಗುಂಪಿನ ಶೇಖಮ್ಮ ಹಚ್ಚಲಿ ಬಿಡು ತಿಮ್ಮವ್ವ. ನೀ ಆ ಕಡಿ ನಿಂದ್ರು,” ಅಂದಳು. ಬೈದು ಹೇಳಲಿಲ್ಲ, ಮೆಲ್ಲಗೇ ಹೇಳಿದಳು. ತಿಮ್ಮವ್ವ ಆ ಕಡೆ ಸರಿದು ನಿಂತಳು.

ಅವಳಿಗೆ ಸಿಟ್ಟು ಬಂದದ್ದು ಹೊಲದೊಡತಿಯ ಮೇಲಲ್ಲ, ಹೇಳಿದ ಕೂಡಲೇ ಸರಿದ ತನ್ನ ಕಾಲುಗಳ ಮೇಲೆ. ಅವತ್ತು ಶಾಲೆಗೆ ಸೂಟಿ ಇದ್ದದ್ದರಿಂದ ಮೌನೇಶ್ವರಿಯೂ ಗದ್ದೆಗೆ ಬಂದಿದ್ದಳು. ಮನೆಗೆ ಹೋಗುವ ದಾರಿಯಲ್ಲಿ, “ಆಯಿ, ನೀ ಯಾಕ ಏನೂ ಅನಲಿಲ್ಲ?” ಎಂದು ಕೇಳಿದಳು. ಊರಿನ ಯಾರ ಮಾತನ್ನೂ ನೆಲಕ್ಕೆ ಬೀಳಗೊಡದ ತಿಮ್ಮವ್ವ ಆ ಮಾತು ಕೇಳದವಳಂತೆ ಬಿರಬಿರನೆ ಮುಂದೆ ನಡೆದಳು. ಆಮೇಲೆ ಯಾರೂ ಹೇಳದೆಯೇ ಅವಳಿಗೊಂದು ಚಾಳಿ ಅಂಟಿಕೊಂಡಿತು. ಮನೆಯಿಂದ ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ ಎದುರಿಗೆ ಬರಬಾರದೆಂದು ಒಳಕೋಣೆಗೆ ಹೋಗಿ ಕೂರುತ್ತಿದ್ದಳು. ಕೂತು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಇನ್ನೊಮ್ಮೆ ಯಾರಾದರೂ ಪಕ್ಕಕ್ಕೆ ಸರಿ ಅಂದರೆ, ಆ ಹುಡುಗಿಯ ಕಣ್ಣೆದುರಿಗೆ ಸರಿಯಬಾರದು. ಇಷ್ಟೇ ಅವಳ ಹಟ. ಆದರೆ ಕಾಲುಗಳ ಮೇಲೆ ಅವಳಿಗೆ ನಂಬಿಕೆ ಉಳಿದಿರಲಿಲ್ಲ.

ಐತವಾರ ಮುಂಜಾನೆ ಮಗ ವೀರೇಶ ತನ್ನ ಟಂಟಂ ತೊಳೆದು ನಿಲ್ಲಿಸಿದ. ವಾರವೆಲ್ಲ ಜನರನ್ನು ಹೇರಿಕೊಂಡು ಸಿಂಧನೂರಿಗೆ ಓಡುವ ಗಾಡಿ ಅದು. ವೀರೇಶ ಬಂಗಾರದಂಥ ಹುಡುಗ, ಆದರೆ ದಾರಿಗೆ ಅಡ್ಡ ನಿಂತ ಎಮ್ಮೆಗೂ ಹಾರ್ನ್ ಹೊಡೆಯದೆ ಕಾಯುವವನು. ತಿಮ್ಮವ್ವ ಚಾಳಿಯಂತೆ ಎಲ್ಲರೂ ಹತ್ತಿದ ಮೇಲೆ ಹತ್ತಿ, ಹಿಂದಿನ ಸೀಟಿನಲ್ಲಿ ರೊಟ್ಟಿ ಬುತ್ತಿ ಇಟ್ಟುಕೊಂಡು ಕೂತಳು.

ಮಸ್ಕಿಯಲ್ಲಿ ಗಾಡಿ ನಿಲ್ಲಿಸಿ ಮಂಡಕ್ಕಿ, ಮಿರ್ಚಿ ತಿಂದರು. ಸಿದ್ದರಾಮ ಖಾರಕ್ಕೆ ಅತ್ತ, ಅತ್ತರೂ ಇನ್ನೊಂದು ಬೇಕೆಂದ. ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ ಫೋನು ಬಲಕ್ಕೆ ತಿರುಗಲು ಹೇಳಿತು. ಟಾರು ರಸ್ತೆ ಮುಗಿದಲ್ಲಿ ಒಂದು ಬೇವಿನ ಗಿಡದ ಕೆಳಗೆ ಗಾಡಿ ಬಿಟ್ಟು, ಎಲ್ಲರೂ ಗುಡ್ಡದ ಕಡೆ ನಡೆದರು. ಒಂದಕ್ಕೊಂದು ಒರಗಿ ನಿಂತ ಎರಡು ದೊಡ್ಡ ಬಂಡೆಗಳು ಕೆಳಗಿನಿಂದಲೇ ಕಾಣುತ್ತಿದ್ದವು.

ಫೋನು ಹಿಡಿದ ಮೌನೇಶ್ವರಿ ಮುಂದೆ. “ಇನ್ನ ನಲವತ್ತು ಮೀಟರ್,” ಎಂದಳು. ನಾಲ್ಕು ಹೆಜ್ಜೆ ಇಟ್ಟು, “ಈಗ ಅರವತ್ತು,” ಎಂದಳು.

“ಮುಂದ ಹೋದಂಗ ದೂರ ಆಗೂದು ಯಾವ ಊರಿನ ಬಾಣಬೇ ಅದು?” ತಿಮ್ಮವ್ವ ಏದುಸಿರು ಬಿಡುತ್ತ ನಿಂತಳು. ನಿಂತವಳು ಕೆಳಗೆ ನೋಡಿದಳು. ಜೀವಮಾನವೆಲ್ಲ ಬಗ್ಗಿ ನೆಲ ನೋಡಿದ ಕಣ್ಣು ಅದು, ಸುಳ್ಳು ಹೇಳುವುದಿಲ್ಲ. “ನಾಗವೇಣಿ, ನಾಕು ವರ್ಷ ಯಾರೂ ಇಲ್ಲಿಗೆ ಬಂದಿಲ್ಲಂದ್ಯಲ್ಲ. ಹಾದಿ ನೋಡು ಹೆಂಗ ಸವದೈತಿ. ತೆಂಗಿನ ಚಿಪ್ಪು ಬಿದ್ದಾವ, ಊದಿನಕಡ್ಡಿ ಬಿದ್ದಾವ. ಜನ ಓಡಾಡೋ ಜಾಗಾ ಇದು.”

ಫೋನು ಬಿಟ್ಟು ಆ ಸವೆದ ಹಾದಿ ಹಿಡಿದರು. ಹಾದಿ ನೆಟ್ಟಗೆ ಆ ಎರಡು ಬಂಡೆಗಳ ನಡುವಿನ ಸಂದಿಗೆ ಹೋಗಿ ನಿಂತಿತು. ಸಂದಿಯ ಮುಂದೆ ನೆಲ ಸಾರಿಸಿ ರಂಗೋಲಿ ಹಾಕಿತ್ತು. ಸುತ್ತ ಜಾಲಿಮುಳ್ಳಿನ ಬೇಲಿ, ಒಂದು ಕಡೆ ಮಾತ್ರ ಒಳಗೆ ಹೋಗಲು ದಾರಿ. ಪಕ್ಕದ ಗಿಡದ ತುಂಬ ಹಸಿರು ಬಳೆ ಕಟ್ಟಿದ್ದರು. ಬೇಲಿಯ ಒಳಗೆ ಹಳದಿ ಶಲ್ಯ ಹೊದ್ದ ನಡುವಯಸ್ಸಿನ ಗಂಡಸೊಬ್ಬ ಕೂತಿದ್ದ. ಅವನ ಮುಂದೆ ಹರೆಯದ ಹೆಣ್ಣುಮಗಳೊಬ್ಬಳು ತೆಂಗಿನಕಾಯಿ ಹಿಡಿದು ನಿಂತಿದ್ದಳು. ಬೇಲಿಯ ಹೊರಗೆ ತಿಮ್ಮವ್ವನ ವಾರಿಗೆಯ ಇನ್ನೊಬ್ಬಳು, ಬರಿದು ಹಣೆಯವಳು, ಎಲ್ಲರ ಚಪ್ಪಲಿ ಕೈಯಲ್ಲಿ ಹಿಡಿದು ಕಾಯುತ್ತ ಬಿಸಿಲಲ್ಲಿ ನಿಂತಿದ್ದಳು.

ಸಂದಿಯೊಳಗೆ, ಕೆಂಪು ಕುಪ್ಪಸದ ಕಣದ ಮೇಲೆ, ಎರಡು ಬೆಳ್ಳಿ ಕಣ್ಣು ಅಂಟಿಸಿದ ದೇವರೊಂದು ಇತ್ತು. ಅರಿಷಿಣ ಕುಂಕುಮ ಬಳಿದು ಬಳಿದು ಅದರ ಆಕಾರವೇ ತಿಳಿಯುತ್ತಿರಲಿಲ್ಲ. ಮುಂದೆ ಒಂದು ಎಣ್ಣೆ ದೀಪ, ಹಿತ್ತಾಳೆ ತಟ್ಟೆಯಲ್ಲಿ ಕುಂಕುಮದ ರಾಶಿ.

ಮೌನೇಶ್ವರಿ ಫೋನು ನೋಡಿದಳು. ದೇವರನ್ನು ನೋಡಿದಳು. ಬಗ್ಗಿ ದೇವರ ಬಗಲು ನೋಡಿದಳು. ಅಲ್ಲಿ ಕುಂಕುಮ ಉದುರಿದ ಕಡೆ ಫೋನಿನ ಚಿತ್ರದಲ್ಲಿದ್ದಂಥದೇ ಹಸಿರು ಚೀಟಿಯ ತುದಿ ಕಾಣುತ್ತಿತ್ತು.

“ಅವ್ವ, ಇದು ದೇವರಲ್ಲ. ಇದ ನಮ್ಮ ಡಬ್ಬಿ,” ಎಂದಳು, ಗುಡ್ಡಕ್ಕೆಲ್ಲ ಕೇಳುವಂತೆ.

ಶಲ್ಯದವನು ಎದ್ದು ನಿಂತ. ಹೆಸರು ನರಸಣ್ಣ, ಆಡು ಕಾಯುವವನು. ಅವನು ಮೋಸಗಾರನಾಗಿದ್ದರೆ ಕೆಲಸ ಹಗುರವಿತ್ತು. ಆದರೆ ನರಸಣ್ಣ ಮೋಸಗಾರನಲ್ಲ, ತೊಂದರೆ ಇದ್ದದ್ದು ಅಲ್ಲೇ. ಅವನು ಮಗುವಿಗೆ ಬೈಯಲಿಲ್ಲ. ಕೂರಿಸಿಕೊಂಡು ಕಥೆ ಹೇಳಿದ.

“ಹಂಗನಬಾರದವ್ವ ತಂಗಿ. ನಾಕು ವರ್ಷದ ಕೆಳಗ ನನ್ನ ಗಬ್ಬದ ಆಡು ಕಳೀತು. ಮೂರು ದಿನ ಕೂಗಿ ಕೂಗಿ ಹುಡುಕಿದೆ. ಮೂರನೇ ದಿನ ಈ ಸಂದಿನ್ಯಾಗ ಕೈ ಹಾಕಿದೆ, ತಾಯಿ ಸಿಕ್ಕಳು. ಅಲ್ಲಾಡಿಸಿದರ ಗಲಗಲ ಅಂದಳು. ಹಿಂದ ತಿರುಗಿ ನೋಡ್ತೀನಿ, ಆಡು ನಿಂತೈತಿ, ಎರಡು ಮರಿ ಕರಕೊಂಡು. ಸಂದೆವ್ವ ಅಂತ ಹೆಸರಿಟ್ಟು ಅವತ್ತಿಂದ ಪೂಜಿ ಮಾಡಾಕತ್ತೀನಿ.”

“ಒಳಗ ಏನೈತಿ ಅಂತ ತಗದು ನೋಡಿಲ್ಲೇನು?” ನಾಗವೇಣಿ ಕೇಳಿದಳು.

“ತಾಯಿ ಹೊಟ್ಟಿ ಯಾರರೆ ತಗದು ನೋಡ್ತಾರೇನವ್ವ?”

ನರಸಣ್ಣ ಬಂದವರನ್ನು ಒಂದು ಸಲ ನೋಡಿದ. “ದೂರದಿಂದ ಬಂದೀರಿ, ತಾಯಿ ಕರಿಸ್ಯಾಳ. ನೀ ಮುತ್ತೈದಿ, ಒಳಗ ಬಂದು ಪೂಜಿ ಮಾಡು. ಹುಡುಗರೂ ಬರಲಿ,” ಎಂದ. ಆಮೇಲೆ ಅವನ ಕಣ್ಣು ತಿಮ್ಮವ್ವನ ಹಣೆಗೆ ಬಂತು. “ನೀ ಬ್ಯಾಡವ್ವ. ತಪ್ಪು ತಿಳೀಬ್ಯಾಡ, ಇದು ಶಕ್ತಿ ಜಾಗಾ. ನೀ ಆ ಕಡಿ ಗ್ಯಾನಮ್ಮನ ಬಾಜೂಕ ನಿಂದ್ರು.”

ಇವನೂ ಮೆಲ್ಲಗೇ ಹೇಳಿದ. ಎಲ್ಲರೂ ಯಾಕೆ ಇದನ್ನು ಇಷ್ಟು ಮೆಲ್ಲಗೆ ಹೇಳುತ್ತಾರೋ. ಗಟ್ಟಿಯಾಗಿ ಹೇಳಿದರೆ ಗಟ್ಟಿಯಾಗಿ ಬೈಯಬಹುದು.

ಚಪ್ಪಲಿ ಕಾಯುತ್ತಿದ್ದ ಗ್ಯಾನಮ್ಮ ಸ್ವಲ್ಪ ಪಕ್ಕಕ್ಕೆ ಸರಿದು ತಿಮ್ಮವ್ವನಿಗೆ ಜಾಗ ಮಾಡಿದಳು.

“ಹೋಗಲಿ ಬಿಡವ್ವ,” ವೀರೇಶ ತಾಯಿಯ ಕಿವಿಯ ಹತ್ತಿರ ಬಂದು ಅಂದ. “ಒಂದೀಟು ಹೊತ್ತು ಆ ಕಡಿ ನಿಂದ್ರು. ಗೊತ್ತಿಲ್ಲದ ಊರಾಗ ಜಗಳ ಬ್ಯಾಡ.”

ತಿಮ್ಮವ್ವನ ಕಾಲು ಆಗಲೇ ಅರ್ಧ ತಿರುಗಿತ್ತು. ಅಷ್ಟರಲ್ಲಿ ಮೌನೇಶ್ವರಿಯ ಕಡೆ ನೋಡಿದಳು. ಹುಡುಗಿ ನರಸಣ್ಣನನ್ನು ನೋಡುತ್ತಿರಲಿಲ್ಲ, ದೇವರನ್ನೂ ನೋಡುತ್ತಿರಲಿಲ್ಲ. ಅಜ್ಜಿಯ ಕಾಲನ್ನೇ ನೋಡುತ್ತಿದ್ದಳು. ಸಂತೆಯಂಥ ಆ ಬಾಯಿ ಮುಚ್ಚಿತ್ತು.

ತಿಮ್ಮವ್ವ ತಿರುಗಿದ ಕಾಲನ್ನು ಮತ್ತೆ ತಿರುಗಿಸಿದಳು. ಬೇಲಿಯ ದಾರಿಯಲ್ಲಿ ಒಳಗೆ ನಡೆದು, ಡಬ್ಬಿಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

ಕೂತ ತಿಮ್ಮವ್ವನಿಗೆ ಮೈ ನಡುಗುತ್ತಿತ್ತು. ಗುಡ್ಡ ಹತ್ತಿದ ದಣಿವು, ಒಂದೂವರೆ ವರ್ಷ ನುಂಗಿದ ಸಿಟ್ಟು, ಎಲ್ಲ ಒಟ್ಟಿಗೆ ಕುದಿಯಿತು. ಕಣ್ಣು ಮುಚ್ಚಿದಳು. ಮೂಗಿನಿಂದ ಉಸಿರು ಬುಸುಗುಡುತ್ತ ಬಂತು. ಗಂಟು ಬಿಚ್ಚಿ ಕೂದಲು ಹೆಗಲ ಮೇಲೆ ಬಿತ್ತು.

“ಯವ್ವಾ, ತಾಯಿ ಬಂದಳು,” ತೆಂಗಿನಕಾಯಿ ಹಿಡಿದಿದ್ದ ಹೆಣ್ಣುಮಗಳು ಭಾಗ್ಯಶ್ರೀ ಚೀರಿ ಕೈಮುಗಿದಳು. ಅವಳು ಗ್ಯಾನಮ್ಮನ ಮಗಳು.

ನರಸಣ್ಣ ಧಡಕ್ಕನೆ ಉದ್ದಕ್ಕೆ ಅಡ್ಡಬಿದ್ದ. “ತಪ್ಪಾತು ತಾಯಿ. ಗುರುತು ಸಿಗಲಿಲ್ಲ. ಏನು ಅಪ್ಪಣಿ ಆಗಲಿ.”

ಮುಚ್ಚಿದ ಕಣ್ಣಿನ ಒಳಗೆ ತಿಮ್ಮವ್ವನಿಗೆ ಎಲ್ಲ ನಿಚ್ಚಳವಾಗಿ ಕಂಡಿತು. ಇನ್ನೇನೂ ಮಾಡಬೇಕಿಲ್ಲ. ಒಮ್ಮೆ ತಲೆ ಕೊಡವಿ ಹೂಂಕರಿಸಿದರೆ ಸಾಕು. ಡಬ್ಬಿ ತಗಿ ಅಂದರೆ ತಗಿಯುತ್ತಾರೆ, ಬೇಲಿ ಕಿತ್ತು ಒಗಿ ಅಂದರೆ ಒಗಿಯುತ್ತಾರೆ. ಮೈಮೇಲೆ ದೇವಿ ಬಂದ ಹೆಂಗಸಿನ ಹಣೆಯನ್ನು ಯಾರೂ ನೋಡುವುದಿಲ್ಲ. ಅವಳ ಓಣಿಯ ಕರೆಮ್ಮ ಇದ್ದಾಳಲ್ಲ. ವರ್ಷವೆಲ್ಲ ಯಾರೂ ಮಾತಾಡಿಸದ ಮುದುಕಿ. ದೇವಿ ಬಂದ ಒಂದು ದಿನ ಊರ ಹಿರಿಯರೆಲ್ಲ ಅವಳ ಕಾಲಿಗೆ ಬೀಳುತ್ತಾರೆ. ಮರುದಿನ ಕರೆಮ್ಮ ಮತ್ತೆ ಹಿತ್ತಲಲ್ಲಿ ಮುಸುರೆ ತಿಕ್ಕುತ್ತಿರುತ್ತಾಳೆ, ಮತ್ತೆ ಯಾರೂ ಮಾತಾಡಿಸುವುದಿಲ್ಲ.

ತಿಮ್ಮವ್ವ ಕಣ್ಣು ಬಿಟ್ಟಳು. ಕೂದಲು ಎತ್ತಿ ಬಿಗಿಯಾಗಿ ಗಂಟು ಹಾಕಿದಳು.

“ಏಳಪ್ಪ ನರಸಣ್ಣ. ನನ್ನ ಮೈಮ್ಯಾಲ ಯಾರೂ ಬಂದಿಲ್ಲ. ಸಿಟ್ಟು ಬಂದೈತಿ, ಅಷ್ಟ.”

ನರಸಣ್ಣ ತಲೆ ಎತ್ತಿದ.

“ನಾ ತಿಮ್ಮವ್ವ. ತುರ್ವಿಹಾಳದ ಆದೆಪ್ಪನ ಹೆಂಡತಿ,” ಎಂದಳು. ಗಂಡ ಬದುಕಿದ್ದಾಗ ಒಂದು ಸಲವೂ ಬಾಯಿಂದ ಬರದಿದ್ದ ಹೆಸರು ಅದು. “ಅಂವ ಸತ್ತು ಒಂದೂವರಿ ವರ್ಷ ಆತು. ನನ್ನ ಹಣಿ ಬರಿದೈತಿ, ಚಂದಗೆ ನೋಡ್ರಿ. ನಾ ಹಿಂಗ ಇದ್ದಕೀನ ಒಳಗ ಬಂದೀನಿ. ದೇವರಾಗಿ ಬಂದ್ರ ಕಾಲಿಗೆ ಬೀಳ್ತೀರಿ, ತಿಮ್ಮವ್ವ ಆಗಿ ಬಂದ್ರ ಚಪ್ಪಲಿ ಕಾಯಾಕ ಹಚ್ತೀರಿ. ಇದ್ಯಾವ ನ್ಯಾಯಪ್ಪ?”

ಅಡ್ಡಬಿದ್ದು ಎದ್ದವನಿಗೆ ಅವಮಾನ ಬೇರೆ, ಭಯ ಬೇರೆ. ನರಸಣ್ಣನ ದನಿ ಮೊದಲ ಸಲ ಏರಿತು. “ಎದ್ದು ಹೊರಗ ನಡೀ ಮೊದಲ. ನಿನಗ ಏನರೆ ಆಗಲಿ, ಆದರ ತಾಯಿ ಸಿಟ್ಟು ಹುಡುಗರ ಮ್ಯಾಲ ಬರತೈತಿ. ಆ ಸಣ್ಣ ಮೊಮ್ಮಗನ ಮಾರಿ ನೋಡಿ ಮಾತಾಡು.”

ತಿಮ್ಮವ್ವ ದೇವರನ್ನು ನಂಬದವಳಲ್ಲ. ಮೂರು ದಾರಿ ಕೂಡಿದಲ್ಲಿ ನಿಂಬೆಹಣ್ಣು ಬಿದ್ದಿದ್ದರೆ ಸುತ್ತು ಹಾಕಿ ಹೋಗುವವಳು. ಇದು ಪುಣೆಯ ಹುಡುಗಿ ಹೇಳಿದ ಡಬ್ಬಿ ಎಂದು ತಲೆಗೆ ಗೊತ್ತಿತ್ತು. ಆದರೆ ನಾಲ್ಕು ವರ್ಷ ಜನ ಕೈಮುಗಿದ ಮೇಲೆ ಡಬ್ಬಿಯೊಳಗೆ ಏನಾದರೂ ಬಂದು ಕೂತಿದ್ದರೆ? ಮಿರ್ಚಿಯ ಎಣ್ಣೆ ಇನ್ನೂ ಗಲ್ಲಕ್ಕೆ ಅಂಟಿದ್ದ ಸಿದ್ದರಾಮನನ್ನು ನೋಡಿದಳು. ಡಬ್ಬಿ ತೆಗೆಯಲು ಕೈ ಮುಂದೆ ಹೋಗಲಿಲ್ಲ.

ಆಗ ನಾಗವೇಣಿ ಮಗನನ್ನು ಎತ್ತಿಕೊಂಡು ಬೇಲಿಯೊಳಗೆ ಬಂದಳು. ಬಂದು ಅವನನ್ನು ಅತ್ತೆಯ ತೊಡೆಯ ಮೇಲೆ ಕೂರಿಸಿದಳು. ತಾನೂ ಪಕ್ಕದಲ್ಲಿ ಕೂತಳು.

“ಬರೂದಿದ್ರ ನಮ್ಮ ಎಲ್ಲಾರ ಮ್ಯಾಲೂ ಬರಲಿ ಅತ್ತಿ. ತಗೀರಿ,” ಎಂದಳು.

ಒಂಬತ್ತು ವರ್ಷದ ಹಿಂದೆ ಈ ಸೊಸೆಯನ್ನು ಮನೆ ತುಂಬಿಸಿಕೊಂಡಾಗಿನಿಂದ ತಿಮ್ಮವ್ವ ಅವಳ ಒಂದು ಕೆಲಸವನ್ನೂ ಬಾಯಿಬಿಟ್ಟು ಮೆಚ್ಚಿದವಳಲ್ಲ. ಈಗಲೂ ಮೆಚ್ಚಲಿಲ್ಲ. ಅವಳ ಮೊಳಕಾಲನ್ನು ಒಂದು ಸಲ ಗಟ್ಟಿಯಾಗಿ ಒತ್ತಿದಳು, ಅಷ್ಟೇ. ಆಮೇಲೆ ಮೊಮ್ಮಗಳನ್ನು ಕರೆದಳು.

“ಮೌನೇಶ್ವರಿ, ಒಳಗ ಏನೇನು ಐತಿ ಅಂತ ಫೋನಿನ್ಯಾಗ ಬರದಾರಲ್ಲ, ಓದು. ನರಸಣ್ಣ ಕೇಳಲಿ. ಹೇಳಿದಂಗ ಇರಲಿಲ್ಲಂದ್ರ ನಾ ಎದ್ದು ಹೋಗಿ ಚಪ್ಪಲಿ ಕಾಯ್ತೀನಿ.”

ಹುಡುಗಿಯ ಬಾಯಿ ಮತ್ತೆ ತೆರೆಯಿತು. “ಒಂದು ಬುಕ್ಕು. ಒಂದು ಪೆನ್ನು. ಒಂದು ಪ್ಲಾಸ್ಟಿಕ್ ಆನಿ. ಏಳು ಗಾಜಿನ ಗೋಲಿ.”

ನರಸಣ್ಣ ತಡ್ರಿ ಅನ್ನಲು ಬಾಯಿ ತೆರೆದ. ತೆರೆದ ಬಾಯಿ ಹಾಗೇ ಉಳಿಯಿತು. ನಿಜ ಹೇಳಬೇಕೆಂದರೆ ನಾಲ್ಕು ವರ್ಷದಿಂದ ಈ ಭೂಮಿಯ ಮೇಲೆ ಆ ಡಬ್ಬಿಯೊಳಗೆ ಏನಿದೆ ಎಂದು ಅವನಷ್ಟು ಯೋಚಿಸಿದವರು ಯಾರೂ ಇರಲಿಲ್ಲ. ಅವನು ಒಂದು ಹೆಜ್ಜೆ ಹಿಂದೆ ಇಟ್ಟ, ಮತ್ತೆ ಎರಡು ಹೆಜ್ಜೆ ಮುಂದೆ ಬಂದು ಬಗ್ಗಿ ನಿಂತ.

ತಿಮ್ಮವ್ವ ಎರಡೂ ಕೈಯಿಂದ ಡಬ್ಬಿ ಎತ್ತಿ ಮುಂದಿಟ್ಟುಕೊಂಡಳು. ಬೆಳ್ಳಿ ಕಣ್ಣುಗಳನ್ನು ಮೊದಲು ಬಿಡಿಸಿ, ಕಣ್ಣಿಗೊತ್ತಿಕೊಂಡು, ನರಸಣ್ಣನ ಕೈಗೆ ಕೊಟ್ಟಳು. ಮುಚ್ಚಳದ ಸುತ್ತ ಎಣ್ಣೆಯೂ ಕುಂಕುಮವೂ ಗಟ್ಟಿಯಾಗಿ ಕೂತಿತ್ತು. ಉಗುರು ಹಾಕಿ ಕೆರೆದಳು. ನಾಲ್ಕು ಕಡೆಯ ಕೊಂಡಿಗಳಿಗೆ ಒಂದೊಂದಾಗಿ ಹೆಬ್ಬೆರಳು ಕೊಟ್ಟು ಮೇಲಕ್ಕೆ ಒತ್ತಿದಳು. ನಾಲ್ಕನೆಯ ಕಡೆಯೂ ಬಿಟ್ಟಿತು. ಒಳಗೆ ಒಂದು ಬುಕ್ಕು, ಒಂದು ಪೆನ್ನು, ಒಂದು ಪ್ಲಾಸ್ಟಿಕ್ ಆನೆ ಇದ್ದವು. ಗೋಲಿಗಳು ಮೂಲೆಗೆ ಉರುಳಿ ಗಲಗಲ ಅಂದವು. ಸಿದ್ದರಾಮ ಎಣಿಸಿದ. ಏಳಿದ್ದವು.

ನರಸಣ್ಣ ಅಲ್ಲೇ ಕುಸಿದು ಕೂತ. ಒಂದು ಗೋಲಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಬಿಸಿಲಿಗೆ ಹಿಡಿದ. ಅವನ ಕಣ್ಣು ತುಂಬಿತ್ತು.

“ಮತ್ತ ನನ್ನ ಆಡು? ಅದು ಯಾರು ತಂದು ಬಿಟ್ಟರು?”

ತಿಮ್ಮವ್ವನಿಗೆ ಅವನ ಮೇಲಿನ ಸಿಟ್ಟು ಇಳಿದುಹೋಯಿತು. “ಯಾರೂ ತರಲಿಲ್ಲಪ್ಪ. ಈಯಾಕ ತಣ್ಣಗಿನ ಜಾಗಾ ನೋಡಕೊಂಡು ಹೋಗಿತ್ತು. ಈದ ಮ್ಯಾಲ ಮರಿ ಕರಕೊಂಡು ಬಂತು. ನೀ ಮೂರು ದಿನ ಕೂಗಿದೆಲ್ಲ, ಆ ದನಿ ಗುರುತು ಹಿಡದು ಬಂತು. ಅದರ ಪುಣ್ಯ ಅದಕ್ಕ, ನಿನ್ನ ಪುಣ್ಯ ನಿನಗ.”

ನಾಗವೇಣಿ ಬುಕ್ಕು ಬಿಡಿಸಿದಳು. ಮೊದಲ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಇತ್ತು. ಅದನ್ನು ಓದಿಕೊಂಡು ಬಿಡಿಸಿ ಹೇಳಿದಳು. “ಈ ಡಬ್ಬಿ ಸಿಕ್ಕವರು ಯಾರೇ ಇರಲಿ, ಹೆಸರು ಬರೀರಿ. ಇದ್ದಂಗ ಇಡ್ರಿ. ಇಷ್ಟ ಬರದಾರ.”

“ಯಾರೇ ಇರಲಿ ಅಂತ ಐತೇನು?”

“ಯಾರೇ ಇರಲಿ ಅಂತ ಐತ್ರಿ ಅತ್ತಿ.”

“ಹಣೀದು ಏನರೆ ಬರದಾರೇನು ನೋಡು.”

“ಇಲ್ಲ. ಹೆಸರು ಅಷ್ಟ ಕೇಳ್ಯಾರ.”

ಹಿಂದಿನ ಹಾಳೆಗಳಲ್ಲಿ ಬಂದು ಹೋದವರ ಹೆಸರುಗಳಿದ್ದವು. ಯಾವ ಯಾವ ಊರಿನವರೋ, ಒಟ್ಟು ಹನ್ನೊಂದು. ಮೌನೇಶ್ವರಿ ಹೊಸ ಹಾಳೆ ತಿರುವಿ ಪೆನ್ನು ಹಿಡಿದಳು. ಪೆನ್ನು ಬರೆಯಲಿಲ್ಲ. ಊದಿದಳು, ಅಂಗೈಗೆ ತಿಕ್ಕಿದಳು, ಜಾಡಿಸಿದಳು. ಆರು ವರ್ಷದ ಬಿಸಿಲಿಗೆ ಮಸಿ ಕಲ್ಲಾಗಿತ್ತು. ದಿನಾ ನೂರು ಪೆನ್ನು ನೋಡುವ ನಾಗವೇಣಿಯ ಚೀಲದಲ್ಲಿ ಐತವಾರ ಒಂದೂ ಇರಲಿಲ್ಲ. ವೀರೇಶ ಅಂಗಿಯ ಜೇಬು ತಡಕಿ ಕೈ ಅಲ್ಲಾಡಿಸಿದ. ನರಸಣ್ಣನಿಗೂ ಗ್ಯಾನಮ್ಮನಿಗೂ ಪೆನ್ನಿನ ಗೊಡವೆಯೇ ಇಲ್ಲ. ಇಷ್ಟೆಲ್ಲ ಆದ ಮೇಲೆ ಹೆಸರು ಬರೆಯದೆ ಹೋಗುವುದೆಂದರೆ ಬಂದೇ ಇಲ್ಲದ ಹಾಗೆ.

ತಿಮ್ಮವ್ವನಿಗೆ ಬರೆಯಲು ಬಾರದು. ಪೆನ್ನಿದ್ದರೂ ಅವಳಿಗೆ ಅದರಿಂದ ಉಪಯೋಗವಿರಲಿಲ್ಲ. ಬುಕ್ಕು ಎಳೆದು ತೊಡೆಯ ಮೇಲೆ ಇಟ್ಟುಕೊಂಡಳು. ಬಲಗೈ ಹೆಬ್ಬೆರಳನ್ನು ದೀಪದ ಎಣ್ಣೆಗೆ ಮುಟ್ಟಿಸಿದಳು. ಆಮೇಲೆ ಆ ಬೆರಳನ್ನು ಹಿತ್ತಾಳೆ ತಟ್ಟೆಯ ಕಡೆ ಒಯ್ದಳು.

“ಅವ್ವ,” ಎಂದ ವೀರೇಶ.

ತಿಮ್ಮವ್ವ ನಿಲ್ಲಲಿಲ್ಲ. ಹೆಬ್ಬೆರಳನ್ನು ಕುಂಕುಮದ ರಾಶಿಯೊಳಗೆ ಒತ್ತಿದಳು. ಒಂದೂವರೆ ವರ್ಷದ ಮೇಲೆ ಮುಟ್ಟಿದ ಕುಂಕುಮ ತಣ್ಣಗೆ, ಮೆತ್ತಗೆ, ಮೊದಲಿದ್ದ ಹಾಗೇ ಇತ್ತು. ಅವಳನ್ನು ನೋಡಿ ಅದೇನೂ ಬಣ್ಣ ಬಿಡಲಿಲ್ಲ. ನೂರಾರು ಹಾಳೆಗಳ ಮೇಲೆ ನೀಲಿ ಹೆಬ್ಬೆಟ್ಟು ಒತ್ತಿದವಳು ಅವಳು. ಯಾರೋ ಮಣಿಕಟ್ಟು ಹಿಡಿದು, ಯಾರೋ ತೋರಿಸಿದ ಜಾಗದಲ್ಲಿ. ಈ ಸಲ ಜಾಗವನ್ನು ಅವಳೇ ಆರಿಸಿದಳು. ಹಾಳೆಯ ನಟ್ಟನಡುವೆ ಬೆರಳಿಟ್ಟು, ಎಡಕ್ಕೂ ಬಲಕ್ಕೂ ಹೊರಳಿಸಿ ಒತ್ತಿದಳು. ಗೆರೆ ಗೆರೆ ಬಿದ್ದ ಕೆಂಪು ಗುರುತು ಮೂಡಿತು.

“ಆಯಿ, ನಿನ್ನ ಹೆಸರು ಎಷ್ಟು ಚಂದ ಐತಿ,” ಎಂದಳು ಮೌನೇಶ್ವರಿ.

ಬೇಲಿಯ ಹೊರಗೆ ಚಪ್ಪಲಿಗಳು ದೊಪ್ಪನೆ ಬಿದ್ದ ಸದ್ದಾಯಿತು. ಗ್ಯಾನಮ್ಮ ಒಳಗೆ ಬಂದಿದ್ದಳು. ಮಗಳು ಭಾಗ್ಯಶ್ರೀಯ ಹರಕೆಗೆಂದು ಎಂಟು ಐತವಾರ ಗುಡ್ಡ ಹತ್ತಿ, ಎಂಟು ಸಲವೂ ಬೇಲಿಯ ಹೊರಗೇ ನಿಂತವಳು ಅವಳು. ಮಗಳ ಮುಖವನ್ನೂ ನೋಡಲಿಲ್ಲ, ನರಸಣ್ಣನ ಮುಖವನ್ನೂ ನೋಡಲಿಲ್ಲ. ತಿಮ್ಮವ್ವನ ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

“ನಂದೂ ಒಂದು ಒತ್ತಲೇನಬೇ?”

“ಕೇಳ್ತೀ ಯಾಕ? ಒತ್ತು.”

ಗ್ಯಾನಮ್ಮನ ಬೆರಳು ಜಾರಿ ಗುರುತು ಸ್ವಲ್ಪ ಅಳ್ಳಾಡಿತು. ತಿಮ್ಮವ್ವ ಅವಳ ಕೈ ಹಿಡಿಯಲಿಲ್ಲ. ಆಮೇಲೆ ನಾಗವೇಣಿ ಒತ್ತಿದಳು, ಮೌನೇಶ್ವರಿ ಒತ್ತಿದಳು. ಸಿದ್ದರಾಮ ಐದೂ ಬೆರಳು ಒತ್ತಿ ಬೈಸಿಕೊಂಡ. ವೀರೇಶ ದೂರ ನಿಂತು ತಲೆ ತುರಿಸಿಕೊಂಡ. ಆಮೇಲೆ ಮೆಲ್ಲಗೆ ಬಂದು, ತಾಯಿಯ ಗುರುತಿನ ಕೆಳಗೆ ತನ್ನದನ್ನೂ ಒತ್ತಿದ.

ಬುಕ್ಕು, ಪೆನ್ನು, ಆನೆ ಒಳಗೆ ಹೋದವು. ನರಸಣ್ಣನ ಅಂಗೈಯಲ್ಲಿದ್ದದ್ದೂ ಸೇರಿ ಏಳು ಗೋಲಿ ಒಳಗೆ ಹೋದವು. ತಿಮ್ಮವ್ವ ಮುಚ್ಚಳ ಒತ್ತಿ, ಡಬ್ಬಿಯನ್ನು ಸಂದಿಯೊಳಗೆ ಇದ್ದ ಹಾಗೇ ಇಟ್ಟಳು. ನರಸಣ್ಣ ಎದ್ದು ಹಿತ್ತಾಳೆ ತಟ್ಟೆ ಕೈಗೆತ್ತಿಕೊಂಡ. ಈಗ ಏನು ಮಾಡಬೇಕೆಂದು ಅವನಿಗೆ ತಿಳಿಯದಾಗಿತ್ತು.

“ತಾಯೀನ ಇಲ್ಲಂದ ಮ್ಯಾಲ ಈ ಕುಂಕುಮ ಯಾರಿಗೆ? ಒಯ್ದು ಹಳ್ಳಕ್ಕ ಹಾಕಲೇನವ್ವ?”

ತಿಮ್ಮವ್ವ ಅವನ ಕೈಯಿಂದ ತಟ್ಟೆ ತೆಗೆದುಕೊಂಡು ಡಬ್ಬಿಯ ಪಕ್ಕದಲ್ಲೇ ಸಂದಿಯೊಳಗೆ ಸರಿಸಿದಳು.

“ಹಾಕಬ್ಯಾಡ, ಇಲ್ಲೇ ಇರಲಿ,” ಎಂದಳು. “ಪೆನ್ನು ಒಣಗೈತಿ. ಮುಂದ ಬರೋ ಹೆಣ್ಮಕ್ಕಳಿಗೆ ಮಸಿ ಬೇಕಲ್ಲ.”